45 ಅಡಿಯಿಂದ ಅಂಡರ್‌ಆರ್ಮ್: ಲೀ ರಿಚ್ಮಂಡ್‌ನಂತೆ ಎಸೆಯಲು ಕಲಿತದ್ದು

ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಕಾಲದ ನಿಯಮಗಳಲ್ಲೇ ಬೇಸ್‌ಬಾಲ್ ಆಡುವ ಒಂದು ಹವ್ಯಾಸಿ ತಂಡಕ್ಕೆ ನಾನು ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಊರಲ್ಲಿದ್ದಾಗ ಎಡಗೈ ಸ್ಪಿನ್ ಹಾಕುತ್ತಿದ್ದೆ. ನಾವು 1880ರ ನಿಯಮದಂತೆ ಆಡುತ್ತೇವೆ. ಹಾಗಾಗಿ ಆ ಕಾಲದ ಪಿಚರ್ ಲೀ ರಿಚ್ಮಂಡ್‌ನನ್ನೇ ಮಾದರಿ ಇಟ್ಟುಕೊಂಡೆ.

ಅವನೂ ಎಡಗೈಯವನು. ಬ್ರೌನ್ ಯೂನಿವರ್ಸಿಟಿಯಲ್ಲಿ ಓದುತ್ತಲೇ ವೂಸ್ಟರ್ ತಂಡಕ್ಕೆ ಆಡುತ್ತಿದ್ದ. 1880ರ ಜೂನ್ 12ರಂದು ಕ್ಲೀವ್‌ಲ್ಯಾಂಡ್‌ನ ಒಬ್ಬ ಬ್ಯಾಟರ್‌ಗೂ ಫಸ್ಟ್ ಬೇಸ್ (ಓಡಿ ಮೊದಲು ಮುಟ್ಟಬೇಕಾದ ಗುರುತು) ಸಿಗದ ಹಾಗೆ ಆಟ ಮುಗಿಸಿದ. ಇಂಥ ಆಟಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಅದೇ ಮೊದಲನೆಯದು. ಗೆದ್ದದ್ದು 1-0ರಿಂದ. ಅದೂ ಕೈತಪ್ಪುವುದರಲ್ಲಿತ್ತು: ಒಂದು ಚೆಂಡು ರೈಟ್ ಫೀಲ್ಡ್‌ಗೆ (ಮೈದಾನದ ಬಲಭಾಗಕ್ಕೆ) ನುಗ್ಗಿತ್ತು. ಅಲ್ಲಿ ನಿಂತಿದ್ದ ವೂಸ್ಟರ್‌ನ ಲಾನ್ ನೈಟ್ ಅಲ್ಲಿಂದಲೇ ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿಸಿದ.

ಆಗ ಪಿಚರ್ ನಿಲ್ಲುತ್ತಿದ್ದದ್ದು ಬ್ಯಾಟರ್‌ನಿಂದ 45 ಅಡಿ ದೂರದಲ್ಲಿ. ನಮ್ಮ ಕ್ರಿಕೆಟ್ ಪಿಚ್ 66 ಅಡಿ ಅಲ್ವಾ? ಅಲ್ಲಿಂದ ಬಂದವನಿಗೆ ಬ್ಯಾಟರ್ ತೀರಾ ಎದುರಿಗೇ ನಿಂತಂತೆ ಕಾಣುತ್ತಾನೆ. ಕೈ ಸೊಂಟದ ಕೆಳಗಿನಿಂದಲೇ ಬರಬೇಕು. ಬ್ಯಾಟರ್ ಹೈ ಅಂದರೆ ಹೈ, ಲೋ ಅಂದರೆ ಲೋ. ಅವನು ಕೇಳಿದ ಎತ್ತರಕ್ಕೇ ಹಾಕಬೇಕಾದ್ದರಿಂದ ಸುಮ್ನೆ ಜೋರಾಗಿ ಎಸೆದು ಪ್ರಯೋಜನವಿಲ್ಲ. ತಿರುವು ಬೇಕೇ ಬೇಕು.

ನಾನು ಹಿಡಿತದಿಂದ ಶುರು ಮಾಡಿದೆ. ತೋರುಬೆರಳು, ನಡುಬೆರಳು ಹೊಲಿಗೆಗೆ ಅಡ್ಡವಾಗಿ, ಹೆಬ್ಬೆರಳು ಕೆಳಗೆ. ಕೈ ಮಂಡಿಯ ಪಕ್ಕ ಬಂದಾಗ ಮಣಿಕಟ್ಟು ತಿರುವಿದರೆ ಚೆಂಡು ಕೊನೆಯಲ್ಲಿ ಬಾಗುತ್ತದೆ. ಕೈ ಮೇಲೆ ಬಂದ ಮೇಲೆ ತಿರುವಿದರೆ ಬರೀ ತೇಲುತ್ತದೆ, ಬ್ಯಾಟರ್‌ಗೆ ಹಬ್ಬ. ಸ್ಪಿನ್ ಹಾಕಿ ಪಳಗಿದ ಮಣಿಕಟ್ಟು ಇಲ್ಲಿ ತುಂಬಾ ಸಹಾಯಕ್ಕೆ ಬಂತು.

ಅಂಡರ್‌ಆರ್ಮ್ ಅಂದರೆ ಭುಜಕ್ಕೆ ಸುಲಭ ಎನ್ನುತ್ತಾರೆ. ಒಂಬತ್ತು ಇನಿಂಗ್ಸ್ ಎಸೆದು ನೋಡಿ (ಬೇಸ್‌ಬಾಲ್‌ನಲ್ಲಿ ಮೂರು ಔಟ್‌ಗೆ ಪಿಚರ್‌ನ ಒಂದು ಇನಿಂಗ್ಸ್ ಮುಗಿಯುತ್ತದೆ). ಮಾರನೇ ದಿನ ನನಗೆ ಭುಜದ ಮುಂಭಾಗ, ಮುಂಗೈ ಎರಡೂ ಬಿಗಿಯುತ್ತವೆ. ರಿಚ್ಮಂಡ್ 1880ರ ಒಂದೇ ಸೀಸನ್‌ನಲ್ಲಿ ಸುಮಾರು 590 ಇನಿಂಗ್ಸ್ ಎಸೆದ. 32 ಗೆದ್ದ, 32 ಸೋತ. ಈಗಿನ ಪಿಚರ್‌ಗಳಿಗೆ 200 ಇನಿಂಗ್ಸ್ ಅಂದರೇ ಜಾಸ್ತಿ. 1883ರ ಹೊತ್ತಿಗೆ ಅವನ ಆಟ ಬಹುತೇಕ ಮುಗಿದಿತ್ತು. 1886ರಲ್ಲಿ ಸ್ವಲ್ಪ ಆಡಿದ, ಅಷ್ಟೇ. ಆಮೇಲೆ ಟೊಲೀಡೊದಲ್ಲಿ ಹೈಸ್ಕೂಲ್ ಮೇಷ್ಟ್ರಾದ. ಒಟ್ಟು 75 ಗೆಲುವು, 100 ಸೋಲು ನೋಡಿ ಅವನನ್ನು ಸಾಧಾರಣ ಎನ್ನುವವರನ್ನು ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿರುವ ಎಡಗೈ ಸ್ಪಿನ್ನರ್‌ಗಳೇ, ಹತ್ತಿರದಲ್ಲಿ ಇಂಥ ತಂಡ ಇದ್ದರೆ ಸೇರಿಕೊಳ್ಳಿ. ಮೊದಲು ಗೋಡೆಯ ಮೇಲೆ ಎದೆಯೆತ್ತರಕ್ಕೊಂದು, ಮಂಡಿಯೆತ್ತರಕ್ಕೊಂದು ಗೆರೆ ಎಳೆದು ಅಭ್ಯಾಸ ಮಾಡಿ. ವೇಗ ಆಮೇಲೆ.