ಕೃಷಿ ಹೊಂಡದಲ್ಲಿ ಪ್ಯಾಡ್ಲಿಂಗ್, ಗೋಕರ್ಣದಲ್ಲಿ ಗ್ರೀನ್ ವೇವ್: ನನ್ನ ಅನುಭವ

ಸಮುದ್ರದಿಂದ ರಸ್ತೆಯಲ್ಲಿ ಸುಮಾರು ಐನೂರು ಕಿಲೋಮೀಟರ್ ದೂರದ ಕಲಬುರಗಿಯಲ್ಲಿ ಇದ್ದುಕೊಂಡು ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆ ಸವಾರಿ) ಬರಲ್ಲ, ಕಲೀಬೇಕಂದ್ರೆ ಕರಾವಳಿಯಲ್ಲಿ ಮನೆ ಮಾಡು ಅಂತ ನನಗೆ ಹೇಳದವರಿಲ್ಲ. ಮುಲ್ಕಿ ಕಡೆ ಮೊದಲ ಪಾಠ ಹೇಳಿಕೊಟ್ಟವರೂ ಅದನ್ನೇ ಅಂದರು. ಕಲಬುರಗಿ ಗೆಳೆಯರಂತೂ "ಅಪ್ಪನ ಕೆರ್ಯಾಗ ತೆರಿ ಎಲ್ಲಿಂದ ಬರ್ತಾವಪಾ?" ಅಂತ ಕೇಳಿ ಕೇಳಿ ಬೇಸತ್ತರು. ಈ ಸಲ ಮಳೆಗಾಲ ಮುಗಿದ ಮೇಲೆ ಗೋಕರ್ಣದ ಮುಖ್ಯ ಬೀಚಿನಲ್ಲಿ ಒಂದಾದ ಮೇಲೊಂದು ಗ್ರೀನ್ ವೇವ್ (ಇನ್ನೂ ಒಡೆದು ನೊರೆಯಾಗದ ಅಲೆ) ಹಿಡಿದು, ಶೋಲ್ಡರ್ ಕಡೆಗೆ, ಅಂದರೆ ಅಲೆಯ ಒಡೆಯದ ಪಕ್ಕಕ್ಕೆ, ಬೋರ್ಡ್ ತಿರುಗಿಸಿಕೊಂಡು ದಂಡೆ ತನಕ ಬಂದೆ. ಅದಕ್ಕೇ ಬರೀತಿದ್ದೀನಿ.

ನನ್ನ ತಲೆ ತಿರುಗಿಸಿದ್ದು ದುಡ್ಡಿನ ಲೆಕ್ಕ. ಹುಬ್ಬಳ್ಳಿ ಮೇಲೆ ಬಸ್ಸು, ರೂಮು, ಊಟ, ಬೋರ್ಡ್ ಬಾಡಿಗೆ ಎಲ್ಲಾ ಸೇರಿ ಒಂದು ವಾರಾಂತ್ಯಕ್ಕೆ ಎಂಟೊಂಬತ್ತು ಸಾವಿರ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಭುಜ ಸೋತುಹೋಗುತ್ತಿತ್ತು. ಎರಡು ಗಂಟೆ ನೀರಲ್ಲಿದ್ದರೆ ಬೋರ್ಡ್ ಮೇಲೆ ನಿಂತಿರೋದು ಒಂದು ನಿಮಿಷವೂ ಇರಲ್ಲ. ಅಷ್ಟು ಖರ್ಚು ಮಾಡಿ ಹೋಗೋದು ಅಲ್ಲಿ ಮಾತ್ರ ಸಿಗೋದಕ್ಕೆ ಆಗಬೇಕು, ಅಂದರೆ ಅಲೆ ಓದೋದಕ್ಕೆ. ಪ್ಯಾಡ್ಲಿಂಗ್ (ಬೋರ್ಡ್ ಮೇಲೆ ಮಲಗಿ ಕೈ ಬೀಸಿ ಸಾಗೋದು), ಪಾಪ್-ಅಪ್ (ಮಲಗಿದಲ್ಲಿಂದ ಥಟ್ಟನೆ ಎದ್ದು ನಿಲ್ಲೋದು) ಎರಡನ್ನೂ ಕಲಬುರಗಿಯಲ್ಲೇ ಮುಗಿಸಿಕೊಂಡು ಹೋಗಬೇಕು ಅಂತ ಹಟ ಹಿಡಿದೆ.

ಪಾಪ್-ಅಪ್‌ಗೆ ಮನೆಯ ಶಹಾಬಾದ್ ಫರಸಿ ಸ್ವಲ್ಪ ದಿನಕ್ಕೇ ಕೆಲಸಕ್ಕೆ ಬಾರದಾಯಿತು. ಅಲುಗಾಡದ ನೆಲದಲ್ಲಿ ಎಷ್ಟು ಚೆಂದ ಎದ್ದರೂ ನೀರಲ್ಲಿ ಅದು ಉಳಿಯಲ್ಲ. ನೆಲದ ಮೇಲೆ ಸರ್ಫಿಂಗ್ ತಿರುವು ಅಭ್ಯಾಸ ಮಾಡೋ ಚಕ್ರದ ಹಲಗೆ, ಸರ್ಫ್‌ಸ್ಕೇಟಿಗೆ ಹತ್ತಿರ ಹತ್ತು ಸಾವಿರ ಹೋಯಿತು. ರಿಂಗ್ ರೋಡಿನಲ್ಲಿ ಬೆಳಗಿನ ಐದಕ್ಕೆ ಓಡಿಸಿದರೆ ತಿರುವು ಚೆನ್ನಾಗಿ ಬರುತ್ತೆ, ಆದರೆ ಅಲೆಯನ್ನೇ ಹಿಡಿಯಲಾಗದವನಿಗೆ ತಿರುವು ಏನಕ್ಕೆ? ಅರ್ಧ ಬೆಲೆಗೆ ಮಾರಿದೆ. ಪೈಪಿನ ಮೇಲೆ ಹಲಗೆ ಇಟ್ಟು ತೂಗಾಡೋದೂ ಅಷ್ಟೇ, ಕಾಲಿಗೆ ಬರುತ್ತೆ, ಎದೆ-ಕೈಗೆ ಬರಲ್ಲ.

ಕೊನೆಗೆ ಕೆಲಸ ಕೊಟ್ಟಿದ್ದು ಟ್ರ್ಯಾಕ್ಟರ್ ಟ್ಯೂಬ್. ಡೆಕ್ (ಮೇಲ್ಮೈ) ಹಾಳಾಗಿದ್ದ ಎಂಟಡಿಯ ಹಳೇ ಸಾಫ್ಟ್‌ಟಾಪ್ (ಮೆತ್ತನೆ ಫೋಮ್ ಬೋರ್ಡ್) ಒಂದನ್ನು ನಾಲ್ಕೈದು ಸಾವಿರಕ್ಕೆ ತಂದಿದ್ದೆ. ಅಡಿಯ ರೆಕ್ಕೆ, ಅಂದರೆ ಫಿನ್ ಬಿಚ್ಚಿ, ಅರೆಗಾಳಿಯ ಎರಡು ಟ್ಯೂಬ್ ಮೇಲೆ ಇಟ್ಟು, ಮಲಗಿ, ಎದ್ದೆ. ಕೈ ಒಂದಿಂಚು ಆಚೀಚೆ ಊರಿದರೂ ಬೋರ್ಡ್ ಬೀಳಿಸುತ್ತೆ. ಎರಡು ಟ್ಯೂಬಿಗೂ ಸಮ ಗಾಳಿ ಹಾಕಬೇಡಿ. ಯಾವುದಕ್ಕೆ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಪ್ಯಾಡ್ಲಿಂಗ್ ದೊಡ್ಡ ತಲೆನೋವು. ಭೀಮಾ ನದಿ ಮಳೆಗಾಲದಲ್ಲಿ ಸೆಳೆಯುತ್ತೆ, ಬೇಸಿಗೆಯಲ್ಲಿ ಕೆಸರು. ಜೇವರ್ಗಿ ಕಡೆ ಸಂಬಂಧಿಕರ ತೊಗರಿ ಹೊಲದಲ್ಲಿ ಕೃಷಿ ಹೊಂಡ ಇದೆ, ಒಂದೊಂದು ಬದಿ ಇಪ್ಪತ್ತು ಮೀಟರ್ ಚಿಲ್ಲರೆ. ನಾಲ್ಕು ಸಲ ಕೈ ಬೀಸಿದರೆ ಆಚೆ ದಂಡೆ ಬಂದುಬಿಡುತ್ತೆ. ಅದಕ್ಕೆ ಲೀಶ್‌ನ (ಬೋರ್ಡಿಗೂ ಕಾಲಿಗೂ ಕಟ್ಟೋ ಬಳ್ಳಿ) ತುದಿಗೆ ಸೈಕಲ್ ಟ್ಯೂಬ್ ಕಟ್ಟಿ, ಅದನ್ನು ಹಗ್ಗದಿಂದ ದಡದ ಗೂಟಕ್ಕೆ ಬಿಗಿದೆ. ಗಾಣದೆತ್ತಿನ ಹಾಗೆ ಎಷ್ಟು ನಡೆದರೂ ಅಲ್ಲೇ! ನಿಧಾನವಾಗಿ ಒಂದಿಷ್ಟು ಹೊತ್ತು, ಆಮೇಲೆ ಹಿಂದೆ ಅಲೆ ಬಂದ ಹಾಗೆ ಜೋರಾಗಿ ಹತ್ತು ಹನ್ನೆರಡು, ಮತ್ತೆ ನಿಧಾನ. ಎರಡು ತಿಂಗಳಲ್ಲಿ ಭುಜ ಬದಲಾಯಿತು. ಆದರೆ ಹೊಂಡದ ಪ್ಲಾಸ್ಟಿಕ್ ಹಾಸು ನೆನೆದರೆ ಹತ್ತಲು ಹಿಡಿತವೇ ಸಿಗಲ್ಲ, ಈಜು ಬಂದವರೂ ಇಂಥ ಹೊಂಡದಲ್ಲಿ ಮುಳುಗುತ್ತಾರೆ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ದಂಡೆ ಮೇಲೆ ಒಬ್ಬರನ್ನು ನಿಲ್ಲಿಸದೆ ಇಳಿಯಬೇಡಿ. ತೊಗರಿ ಹೂ ಬಿಟ್ಟಾಗ ನೀರು ಬೆಳೆಗೆ ಹೋಗುತ್ತೆ, ಅದಕ್ಕೆ ಅಡ್ಡ ಬರಬಾರದು.

ನಡುವೆ ವ್ಯಾಕ್ಸ್, ಅಂದರೆ ಕಾಲು ಜಾರದಿರಲಿ ಅಂತ ಬೋರ್ಡಿಗೆ ಉಜ್ಜೋ ಮೇಣದ ಹುಚ್ಚೂ ಹಿಡಿಯಿತು. ಕೊಂಡು ತಂದಿದ್ದು ನಮ್ಮ ನಲವತ್ತು ದಾಟಿದ ಬಿಸಿಲಿಗೆ ಬ್ಯಾಗಿನಲ್ಲೇ ಕರಗಿ ಬಟ್ಟೆಗೆ ಅಂಟಿತ್ತು. ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಸೇರಿಸಿ ಮನೆಯಲ್ಲೇ ಕಾಯಿಸಿದೆ. ಮೊದಲನೇದು ಜಾರುತ್ತಿತ್ತು, ಎರಡನೇದು ಕಲ್ಲಾಯಿತು. ಸ್ವಲ್ಪ ರಾಳ ಬಿದ್ದ ಮೇಲೆ ಅಂಟು ಬಂತು. ಕೊಂಡಿದ್ದಕ್ಕಿಂತ ಇದೇ ನನಗೆ ಇಷ್ಟ.

ಇನ್ನು ಸಮುದ್ರ. ಹೈದರಾಬಾದಿನ ಇನ್‌ಕಾಯಿಸ್ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಕೊಡುವ ಮುನ್ಸೂಚನೆ ನೋಡದೆ ನಾನು ಬಸ್ಸು ಹತ್ತಲ್ಲ. ಕಡಲಿನ ಸುದ್ದಿ ನಮಗೆ ಮೂಡಣ ದಿಕ್ಕಿನಿಂದ, ಕಡಲಿಗಿಂತ ಹತ್ತಿರದ ಊರಿನಿಂದ ಬರುತ್ತೆ! ಎಲ್ಲರೂ ಅಲೆಯ ಎತ್ತರ ನೋಡ್ತಾರೆ, ನಾನು ಪೀರಿಯಡ್, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡು ನೋಡ್ತೀನಿ. ದಕ್ಷಿಣದ ಮಹಾಸಾಗರದಿಂದ ಬರುವ ಹದಿನಾಲ್ಕು ಹದಿನೈದು ಸೆಕೆಂಡಿನ ಸ್ವೆಲ್ (ದೂರದಲ್ಲಿ ಎದ್ದು ಬರುವ ಅಲೆಸಾಲು) ಕೇಳೋಕೆ ಚೆಂದ. ಆದರೆ ನೇರವಾದ ಮರಳ ದಂಡೆಯಲ್ಲಿ ಅದು ಉದ್ದಕ್ಕೂ ಒಂದೇ ಸಲ ಮುಚ್ಚಿಕೊಂಡು ಬೀಳುತ್ತೆ, ಶೋಲ್ಡರೇ ಇರಲ್ಲ. ಒಮ್ಮೆ ಅಂಥದ್ದಕ್ಕೆ ರಜೆ ಹಾಕಿ ಹೋಗಿ, ಎರಡು ದಿನ ಬರೀ ನೊರೆ ತಿಂದು ಬಂದೆ. ಎಂಟರಿಂದ ಹನ್ನೊಂದು ಸೆಕೆಂಡ್, ಸೊಂಟದಷ್ಟು ಎತ್ತರ ಇದ್ದರೆ ನನಗೆ ಹಬ್ಬ.

ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುವಾಗ ಅಲೆ ನಯವಾಗಿರುತ್ತೆ, ಹತ್ತರ ಮೇಲೆ ಪಡುವಣ ಗಾಳಿ ಎಲ್ಲ ಕದಡುತ್ತೆ. ಪ್ರವಾಸಿಗರು ಕುಡ್ಲೆ, ಓಂ ಬೀಚಿನ ಕಡೆ ಏಳುವ ಹೊತ್ತಿಗೆ ನನ್ನ ಸೆಷನ್ ಮುಗಿದಿರುತ್ತೆ. ಮರಳದಿಬ್ಬ ಪ್ರತಿ ಮಳೆಗಾಲದ ಮೇಲೂ ಜಾಗ ಬದಲಿಸುತ್ತೆ, ಹೋದ ವರ್ಷದ ಗುರುತು ನಂಬಬೇಡಿ. ಮೊದಲ ಅರ್ಧ ಗಂಟೆ ನೀರಿಗಿಳಿಯದೆ ಎಲ್ಲಿ ನೊರೆ ಮೊದಲು ಏಳುತ್ತೆ, ಎಲ್ಲಿ ನೀರು ಒಡೆಯದೆ ಕಪ್ಪಾಗಿ ವಾಪಸ್ ಹೋಗುತ್ತೆ ನೋಡಿ. ಆ ಕಪ್ಪು ದಾರಿ ರಿಪ್. ಈಜುವವರಿಗೆ ಅಪಾಯ, ಬೋರ್ಡ್ ಇದ್ದು ಅನುಭವ ಇದ್ದವರಿಗೆ ಲೈನ್‌ಅಪ್ (ಅಲೆಗಾಗಿ ಕಾಯುವ ಜಾಗ) ತನಕ ಸಲೀಸು. ನಾನು ಯಾವ ದಿಬ್ಬದಲ್ಲಿ, ಉಬ್ಬರದ ಯಾವ ಹೊತ್ತಿಗೆ ಕೂರ್ತೀನಿ ಅಂತ ಕೇಳಬೇಡಿ. ಬಲೆ ಎಳೆಯುವವರು ಬಂದರೆ ಮಾತ್ರ ಎಷ್ಟೇ ಒಳ್ಳೆ ಸೆಟ್ (ಸಾಲಾಗಿ ಬರೋ ದೊಡ್ಡ ಅಲೆಗಳು) ಇದ್ದರೂ ಜಾಗ ಬಿಟ್ಟು ಸರಿದುಬಿಡಿ, ಅದು ಅವರ ಅನ್ನ.

ಬೋರ್ಡನ್ನು ಬಸ್ಸಿನಲ್ಲಿ ಒಯ್ಯುವ ಆಸೆ ಬಿಟ್ಟಿದ್ದೀನಿ. ಒಬ್ಬರು ಹತ್ತಿಸಿಕೊಳ್ಳಲಿಲ್ಲ, ಇನ್ನೊಬ್ಬರು ಟಿಕೆಟಿಗಿಂತ ಹೆಚ್ಚು ಲಗೇಜು ಕೇಳಿದರು. ಹಳೇದು ಹೊಂಡಕ್ಕೆ, ಗೋಕರ್ಣದಲ್ಲಿ ಬಾಡಿಗೆಯದು. ಟ್ಯೂಬು, ಹಗ್ಗ, ಗೂಟ, ಹಳೇ ಬೋರ್ಡ್ ಎಲ್ಲಾ ಸೇರಿ ಏಳು ಸಾವಿರದೊಳಗೆ ಮುಗಿದಿದೆ, ಒಂದು ವಾರಾಂತ್ಯದ ಖರ್ಚಿಗಿಂತ ಕಡಿಮೆ. ಮುಂದಿನ ಹಂಗಾಮಿಗೆ ಏಳಡಿ ಬೋರ್ಡಿಗೆ ಇಳೀತೀನಿ, ಅದಕ್ಕೆ ಟ್ಯೂಬ್ ಸಾಲುತ್ತೋ ಇಲ್ಲವೋ ಈಗ ಪ್ರಯೋಗ ನಡೀತಿದೆ.