ಕಜ್ಜಾಯ: ಪಾಕ ಕೈಕೊಡದಂತೆ ಮಾಡುವುದು ಹೇಗೆ?

ದೀಪಾವಳಿ ಹತ್ತಿರವಾದಂತೆ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಫೋನಿನಲ್ಲೇ ಕಜ್ಜಾಯದ ಪಾಠ ಶುರುವಾಗುತ್ತದೆ. ‘ಪಾಕ ಬಂದ ಮೇಲೆ ಹಿಟ್ಟು ಹಾಕು’ ಎಂದು ಅಮ್ಮ ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. ಪಾಕ ಬಂದದ್ದು ಗೊತ್ತಾಗುವುದು ಹೇಗೆ ಎನ್ನುವುದು ಮಾತ್ರ ಚೀಟಿಯಲ್ಲಿ ಇರುವುದಿಲ್ಲ. ಕಜ್ಜಾಯ ಎಣ್ಣೆಯಲ್ಲಿ ಒಡೆದು ಪುಡಿಯಾಗುವುದು, ಇಲ್ಲವೇ ಕಲ್ಲಾಗುವುದು ಹೆಚ್ಚಾಗಿ ಅಲ್ಲೇ. ದೀಪಾವಳಿಗೆ ಕೇದಾರೇಶ್ವರನ ನೋಮು, ಅಂದರೆ ವ್ರತ, ಇರುವ ಮನೆಗಳಲ್ಲಿ ನೈವೇದ್ಯಕ್ಕೇ 21 ಕಜ್ಜಾಯ ಎಣಿಸಿಡುವ ರೂಢಿಯಿದೆ. ಹಾಗಾಗಿ ಹಬ್ಬಕ್ಕೆ ಮೂರು ದಿನ ಮೊದಲೇ ಕೈಹಾಕಿ.

ಬೇಕಾಗುವುದು: ದೋಸೆಗೆ ಬಳಸುವ ದಪ್ಪ ಅಕ್ಕಿ ಅರ್ಧ ಕೆ.ಜಿ., ಬೆಲ್ಲ 375 ಗ್ರಾಂ, ಗಸಗಸೆ ಎರಡು ಚಮಚ, ಬಿಳಿ ಎಳ್ಳು ಒಂದು ಚಮಚ, ಏಲಕ್ಕಿ ಐದಾರು, ತುಪ್ಪ ಎರಡು ಚಮಚ, ಕರಿಯಲು ಕಡಲೆಕಾಯಿ ಎಣ್ಣೆ. ಕುಸುಬಲಕ್ಕಿ ಬೇಡ. ಬೆಲ್ಲ ಕಂದು ಬಣ್ಣದ್ದೇ ಇರಲಿ. ನೋಡಲು ಚೆಂದವೆಂದು ಹಳದಿಗೆ ತಿರುಗಿದ ಬಿಳಿ ಬೆಲ್ಲ ತಂದರೆ ಕಜ್ಜಾಯಕ್ಕೆ ಬಣ್ಣವೂ ಇಲ್ಲ, ಘಮವೂ ಇಲ್ಲ.

ಅಕ್ಕಿಯನ್ನು ಒಂದು ದಿನ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಬಸಿದು, ನೆರಳಲ್ಲಿ ಪಂಚೆಯ ಮೇಲೆ ಅರ್ಧ ಗಂಟೆ ಹರಡಿ. ಹಿಡಿ ಅಕ್ಕಿ ಎತ್ತಿದರೆ ಅಂಗೈ ತಣ್ಣಗಾಗಬೇಕು, ನೀರು ಅಂಟಬಾರದು. ಆ ಹದಕ್ಕೆ ಮಿಕ್ಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಪುಡಿ ಮಾಡಿ ಜರಡಿ ಹಿಡಿಯಿರಿ. ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಈ ತೇವ ಆರದಂತೆ ಒದ್ದೆ ಬಟ್ಟೆ ಮುಚ್ಚಿಡಿ. ಅಂಗಡಿಯ ಪ್ಯಾಕೆಟ್ ಅಕ್ಕಿಹಿಟ್ಟು ಒಣಗಿರುತ್ತದೆ; ಅದು ಪಾಕದ ನೀರನ್ನೆಲ್ಲ ಹೀರಿಕೊಂಡು ಬಿರುಕು ಬಿಡುತ್ತದೆ. ‘ದಿಢೀರ್ ಕಜ್ಜಾಯ’ ಎಂದು ಮೈದಾ, ಬಾಳೆಹಣ್ಣು ಕಲಸಿ ಕರಿಯುವುದೂ ಉಂಟು. ತಿನ್ನಲು ಚೆನ್ನಾಗಿರಬಹುದು, ಕಜ್ಜಾಯ ಅನ್ನಬೇಡಿ.

ಈಗ ಪಾಕ. ದಪ್ಪ ತಳದ ಪಾತ್ರೆಯಲ್ಲಿ ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ಉರಿ ಮಧ್ಯಮದಲ್ಲಿರಲಿ. ಪಕ್ಕದಲ್ಲೇ ತಣ್ಣೀರಿನ ತಟ್ಟೆ ಇಟ್ಟುಕೊಳ್ಳಿ. ಮೊದಲು ದೊಡ್ಡ ನೊರೆ ಉಕ್ಕುತ್ತದೆ, ಆಮೇಲೆ ಗುಳ್ಳೆಗಳು ಚಿಕ್ಕದಾಗಿ ಒತ್ತೊತ್ತಾಗುತ್ತವೆ. ಅಲ್ಲಿಂದ ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿ ನೀರಿಗೆ ಬಿಟ್ಟು ನೋಡಿ. ಹನಿ ಹರಡಿ ಕರಗಿದರೆ ಇನ್ನೂ ಎಳಸು. ಬೆರಳಿಗೆ ಅಂಟುವ ದಾರವಾದರೂ ಸಾಲದು. ಎಳೆ ಪಾಕಕ್ಕೆ ಇಳಿಸಿದವರ ಕಜ್ಜಾಯವೇ ಎಣ್ಣೆಯಲ್ಲಿ ಕರಗುವುದು. ಹನಿಯನ್ನು ನೀರೊಳಗೇ ಬೆರಳಿಂದ ಕೂಡಿಸಿದಾಗ ಮೆತ್ತನೆಯ ಉಂಡೆಯಾಗಿ, ಮೇಲೆತ್ತಿದರೆ ಮೆಲ್ಲಗೆ ಚಪ್ಪಟೆಯಾದರೆ, ಅದೇ ಹದ. ತಟ್ಟೆಗೆ ಬಡಿದಾಗ ‘ಟಣ್’ ಎಂದರೆ ಅದು ಚಿಕ್ಕಿಯ ಪಾಕ, ಕಜ್ಜಾಯಕ್ಕೆ ಮೀರಿತು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ 112ರಿಂದ 115 ಡಿಗ್ರಿ ಸೆಲ್ಸಿಯಸ್. ಹದಕ್ಕೂ ಮೀರುವುದಕ್ಕೂ ನಡುವೆ ಇರುವುದು ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ಫೋನ್ ಎತ್ತಬೇಡಿ.

ಉರಿ ಆರಿಸಿದ ಮೇಲೇ ಹಿಟ್ಟು. ಹುರಿದ ಎಳ್ಳು, ಗಸಗಸೆ, ಏಲಕ್ಕಿ ಪುಡಿ ಹಾಕಿ. ಒಬ್ಬರು ಹಿಡಿಹಿಡಿಯಾಗಿ ಹಿಟ್ಟು ಉದುರಿಸಲಿ, ಇನ್ನೊಬ್ಬರು ತಿರುವಲಿ. ಇದ್ದ ಹಿಟ್ಟನ್ನೆಲ್ಲ ಸುರಿಯಲೇಬೇಕೆಂದಿಲ್ಲ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಸೌಟಿನಿಂದ ಮುದ್ದೆಯಾಗಿ ಜಾರುವಾಗ ನಿಲ್ಲಿಸಿ. ‘ಇಷ್ಟು ತೆಳ್ಳಗಿದೆಯಲ್ಲ’ ಎಂದು ಇನ್ನೆರಡು ಹಿಡಿ ಸೇರಿಸುವುದೇ ಎಲ್ಲರೂ ಮಾಡುವ ತಪ್ಪು. ರಾತ್ರಿ ಕಳೆಯುವುದರೊಳಗೆ ಹಿಟ್ಟು ಪಾಕ ಕುಡಿದು ತಾನಾಗಿ ಗಟ್ಟಿಯಾಗುತ್ತದೆ. ಮೇಲೆ ತುಪ್ಪ ಸವರಿ ಮುಚ್ಚಿ, ಕನಿಷ್ಠ ಒಂದು ದಿನ ಬಿಡಿ.

ಮಾರನೆಯ ದಿನ ಚೆನ್ನಾಗಿ ನಾದಿ, ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಕಾಲು ಇಂಚು ದಪ್ಪಕ್ಕೆ ತಟ್ಟಿ. ಉರಿ ಸಣ್ಣದಕ್ಕಿಂತ ತುಸು ಮೇಲಿರಲಿ. ಒಂದೊಂದನ್ನೇ ಬಿಡಿ, ತಾನಾಗಿ ಮೇಲೆದ್ದ ಮೇಲೆ ಒಮ್ಮೆ ತಿರುವಿ. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ತೆಗೆದ ತಕ್ಷಣ ಎರಡು ಜಾಲರಿಗಳ ನಡುವೆ ಒತ್ತಿ ಎಣ್ಣೆ ಹಿಂಡಿ. ಆರಿದ ಮೇಲೆ ಒತ್ತಿದರೆ ಮುರಿಯುತ್ತದೆ.

ಮೊದಲು ಒಂದನ್ನೇ ಕರಿದು ನೋಡಿ. ಒಡೆದರೆ ಉಳಿಸಿಟ್ಟ ತೇವದ ಹಿಟ್ಟು ಒಂದು ಹಿಡಿ ಸೇರಿಸಿ ನಾದಿ. ತಟ್ಟುವಾಗಲೇ ಅಂಚು ಬಿರಿದರೆ ಬೆಚ್ಚಗಿನ ಹಾಲನ್ನು ಚಮಚದಷ್ಟೇ ಚಿಮುಕಿಸಿ, ಆದರೆ ಹಾಲು ಬಿದ್ದ ಕಜ್ಜಾಯವನ್ನು ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಸೋಡಾ ಯಾವುದಕ್ಕೂ ಮದ್ದಲ್ಲ. ಹಾಕಿದರೆ ಅದು ಇನ್ನಷ್ಟು ಸಡಿಲಗೊಂಡು ಎಣ್ಣೆ ಕುಡಿಯುತ್ತದೆ. ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸದೆ ಪೂರ್ತಿ ಆರಿಸಿ ಡಬ್ಬಿಗೆ ಹಾಕಿದರೆ ಹತ್ತು ದಿನಕ್ಕೆ ಮೋಸವಿಲ್ಲ.