ಎರಡನೇ ಸಲಕ್ಕೆ ಸಿಕ್ಕಿದ ಶೆಂಗೆನ್ ವೀಸಾ

ನೀರ್ಚಾಲು ಪೇಟೆಗೆ ಹಾಲು ತರಲು ಹೋದರೂ ಒಬ್ಬರು ಹಿಡಿದು ನಿಲ್ಲಿಸುತ್ತಾರೆ. "ಯುರೋಪಿಗೆ ವೀಸಾ ಹೇಗೆ ಮಾಡಿಸಿದ್ದು ಮಾರಾಯ?" ಈ ರಜೆಯಲ್ಲಿ ಹೇಳಿ ಹೇಳಿ ಸಾಕಾಯಿತು. ಬರೆದೇ ಬಿಡುತ್ತೇನೆ. ಒಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ: ಮೊದಲ ಸಲ ನಮ್ಮ ಅರ್ಜಿ ತಿರಸ್ಕಾರವಾಗಿತ್ತು.

ನಾನು ಶಾರ್ಜಾದಲ್ಲಿ ಅಕೌಂಟೆಂಟ್. ಹೆಂಡತಿಯೂ ಜೊತೆಗಿದ್ದಾಳೆ. ಊರಿಗೆ ಬಂದಾಗ ಕೊಚ್ಚಿಗೆ ಹೋಗಿ ಅರ್ಜಿ ಕೊಟ್ಟರಾಯಿತು ಅಂತ ಮೊದಲು ಅಂದುಕೊಂಡಿದ್ದೆ. ಪಾಸ್‌ಪೋರ್ಟ್ ಕೋಝಿಕ್ಕೋಡಿನದ್ದು, ಮನೆ ಕಾಸರಗೋಡಿನಲ್ಲಿ, ಸುಲಭ ಅಲ್ವಾ? ಆದರೆ ನಾವು ಕಾನೂನು ಪ್ರಕಾರ ಎಲ್ಲಿ ವಾಸವಿದ್ದೇವೋ ಅಲ್ಲಿಯೇ ಅರ್ಜಿ ಹಾಕಬೇಕು ಎಂಬುದು ನಿಯಮ. ರಜೆಯಲ್ಲಿ ಬಂದವನು ಇಲ್ಲಿ ಹಾಕಬೇಕಾದರೆ ಅದಕ್ಕೆ ಸರಿಯಾದ ಕಾರಣ ತೋರಿಸಬೇಕು. ಯೋಚಿಸಿದರೆ ಇದು ನಮಗೇ ಒಳ್ಳೆಯದು. ಕೆಲಸ, ಸಂಬಳ, ಬಾಡಿಗೆ ಮನೆ ಎಲ್ಲ ಗಲ್ಫಿನಲ್ಲಿ. ಪ್ರವಾಸ ಮುಗಿಸಿ ತಿರುಗಿ ಬರುತ್ತೇವೆ ಎಂಬುದಕ್ಕೆ ಅದೇ ಸಾಕ್ಷಿ.

ಶೆಂಗೆನ್ ಎಂಬ ಈ ಒಂದು ವೀಸಾದಲ್ಲಿ ಯುರೋಪಿನ 29 ದೇಶ ತಿರುಗಬಹುದು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಇದರಲ್ಲಿದೆ. ಬ್ರಿಟನ್ ಇಲ್ಲ. ಶೆಂಗೆನ್ ಅಂದರೆ ಲಕ್ಸೆಂಬರ್ಗಿನ ಒಂದು ಸಣ್ಣ ಹಳ್ಳಿ. ಫ್ರಾನ್ಸ್, ಜರ್ಮನಿ ಎರಡೂ ಅದಕ್ಕೆ ತಾಗಿಕೊಂಡೇ ಇವೆ. 1985ರ ಜೂನ್ 14ರಂದು ಅಲ್ಲಿ ಹೊಳೆಯ ಮೇಲೆ ನಿಂತಿದ್ದ ಹಡಗಿನಲ್ಲಿ ಐದು ದೇಶದವರು ತಮ್ಮೊಳಗಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರಂತೆ. 2020ರಲ್ಲಿ ಕೊರೋನಾ ಸಮಯಕ್ಕೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ಹತ್ತಿರ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೂ ಹೋಗಲಾಗದ ದಿನ ಕಂಡವರಿಗೆ, ಗಡಿಯಲ್ಲಿ ಗೇಟೇ ಇಲ್ಲ ಎಂಬುದರ ಬೆಲೆ ಬೇಗ ಅರ್ಥವಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಲೆಕ್ಕ ಹತ್ತು ರಾತ್ರಿಯದ್ದು. ಪ್ಯಾರಿಸ್ ಎರಡು, ಸ್ವಿಟ್ಜರ್ಲೆಂಡ್ ಐದು, ಇಟಲಿ ಮೂರು. ಜಾಸ್ತಿ ದಿನ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅಂದರೆ ನಮ್ಮದು ಸ್ವಿಟ್ಜರ್ಲೆಂಡಿಗೆ ಹೋಗಬೇಕಿತ್ತು. ಅಲ್ಲಿ ಬೇಕಾದ ವಾರಕ್ಕೆ ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ಪರಿಚಯದ ಏಜೆಂಟ್ ಒಬ್ಬ, "ಬೇರೆ ದೇಶದ್ದು ಖಾಲಿ ಇದೆ ಸರ್, ಆರು ರಾತ್ರಿ ಹೋಟೆಲ್ ಬುಕ್ ಮಾಡಿದ ಹಾಗೆ ತೋರಿಸಿದರೆ ಸಾಕು" ಅಂದ. ನಾನೂ ತಲೆಯಾಡಿಸಿದೆ. ಹೋಟೆಲ್ ಒಂದು ದೇಶದ್ದು, ರೈಲಿನ ಪ್ಲಾನ್ ಇನ್ನೊಂದು ದೇಶದ್ದು. ಅದು ಸಾಲದೆಂದು, ಖಾತೆ ತುಂಬಿದ ಹಾಗೆ ಕಾಣಲಿ ಅಂತ ಗೆಳೆಯನಿಂದ ಹನ್ನೆರಡು ಸಾವಿರ ದಿರ್ಹಂ ಹಾಕಿಸಿಕೊಂಡೆ. ದಿನಾ ಬೇರೆಯವರ ಲೆಕ್ಕ ನೋಡುವವನು ನಾನು. ಸಂಬಳ ಬಿಟ್ಟು ಬೇರೇನೂ ಬಾರದ ಖಾತೆಗೆ ಅರ್ಜಿಯ ಹಿಂದಿನ ವಾರ ಅಷ್ಟು ದುಡ್ಡು ಬಿದ್ದರೆ ಹೇಗೆ ಕಾಣುತ್ತದೆ ಎಂದು ನನಗೇ ಹೊಳೆಯಬೇಕಿತ್ತು.

ಪಾಸ್‌ಪೋರ್ಟ್ ಜೊತೆ ಒಂದು ಹಾಳೆ ಬಂತು. ಅದರಲ್ಲಿ ಕಾರಣಗಳ ಪಟ್ಟಿ ಅಚ್ಚಾಗಿಯೇ ಇರುತ್ತದೆ, ಸುಮ್ನೆ ಒಂದು ಗುರುತು ಹಾಕಿ ಕಳಿಸುತ್ತಾರೆ. ನಮ್ಮದರಲ್ಲಿ, ಪ್ರವಾಸದ ಉದ್ದೇಶಕ್ಕೆ ಕೊಟ್ಟ ಮಾಹಿತಿ ನಂಬುವ ಹಾಗಿಲ್ಲ ಎಂಬ ಸಾಲಿಗೆ ಗುರುತು. ತಲೆಗೆ 90 ಯೂರೋ ಶುಲ್ಕ, ಮೇಲೆ ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದ ಸರ್ವಿಸ್ ಚಾರ್ಜು, ಎಲ್ಲ ಹೋಯಿತು.

ಒಮ್ಮೆ ತಿರಸ್ಕಾರವಾದರೆ ಮತ್ತೆ ಹಾಕಲೇಬಾರದು ಅಂತ ನಮ್ಮಲ್ಲಿ ಒಂದು ಮಾತಿದೆ. ಅದು ಸುಳ್ಳು. ಕಾಯುವ ಅವಧಿಯೂ ಇಲ್ಲ. ಆದರೆ ತಿರಸ್ಕಾರ ಅವರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಎಲ್ಲ ಶೆಂಗೆನ್ ದೇಶದವರಿಗೂ ಕಾಣುತ್ತದೆ. ಹಾಗಾಗಿ ಮುಚ್ಚಿಡಲು ಹೋಗಬೇಡಿ. ಎರಡನೇ ಅರ್ಜಿಯ ಪತ್ರದಲ್ಲಿ ಮೊದಲಿನದ್ದು ಯಾಕೆ ತಪ್ಪಿತು ಅಂತ ಎರಡು ಸಾಲು ನಾನೇ ಬರೆದೆ.

ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೆಯ ಗಡುವು ಹೊರಡುವ 15 ದಿನ ಮೊದಲು. ಈ ಸಲ ಐದು ತಿಂಗಳು ಮೊದಲೇ ಸ್ವಿಟ್ಜರ್ಲೆಂಡಿನದ್ದೇ ಅಪಾಯಿಂಟ್‌ಮೆಂಟ್ ಹಿಡಿದೆ. ಗೆಳೆಯನ ಹಣ ವಾಪಸ್ ಕೊಟ್ಟೆ. ನಮ್ಮ ಖಾತೆಯಲ್ಲಿ ಸಂಬಳ ಬಂದ ಮರುದಿನ ಅರ್ಧ ಊರಿಗೆ ಹೋಗುತ್ತದೆ, ಅಡಿಕೆ ತೋಟದ ಕೂಲಿ, ಔಷಧಿ ಬಿಡುವ ಖರ್ಚು ಅಂತ. ಅದು ಹಾಗೇ ಕಾಣಲಿ ಅಂತ ಬಿಟ್ಟೆ. ಮೂರು ತಿಂಗಳ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು ಹಾಕಿಸಿದೆ. ರಜೆಗೆ ಅಭ್ಯಂತರವಿಲ್ಲ ಎಂದು ಕಂಪನಿ ಕೊಡುವ ಎನ್‌ಒಸಿಯಲ್ಲಿ ಬರೆದ ಸಂಬಳ, ಖಾತೆಗೆ ಬೀಳುವ ಸಂಬಳ ಎರಡೂ ಒಂದೇ ಇರಬೇಕು. ರಜೆಯ ತಾರೀಕು ಟಿಕೆಟ್ಟಿನ ತಾರೀಕಿಗೆ ಹೊಂದಬೇಕು. ಗಲ್ಫಿನ ರೆಸಿಡೆನ್ಸ್ ವೀಸಾ ವಾಪಸ್ ಬಂದ ಮೇಲೂ ಮೂರು ತಿಂಗಳು ಬಾಕಿ ಇರಬೇಕು. ನನ್ನದು ಎರಡೇ ತಿಂಗಳಿತ್ತು, ಕಂಪನಿಯಲ್ಲಿ ವೀಸಾ ಕಾಗದ ನೋಡಿಕೊಳ್ಳುವ ಪಿಆರ್‌ಒ ಹಿಂದೆ ಬಿದ್ದು ಮೊದಲು ಅದನ್ನು ಹೊಸತು ಮಾಡಿಸಿದೆ. ಇನ್ಶೂರೆನ್ಸ್ 30,000 ಯೂರೋಗೆ ಕಡಿಮೆಯಾಗದ ಹಾಗೆ ಮಾಡಿಸಿದರೆ ಸಾಕು, ಅದರಲ್ಲಿ ತಲೆನೋವಿಲ್ಲ.

ತಲೆನೋವು ಬಂದದ್ದು ಹೆಂಡತಿಯ ಹೆಸರಿನಲ್ಲಿ. ಹಳೆಯ ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಮುಂದೆ ಬರೀ ಇನಿಷಿಯಲ್ ಇತ್ತು. ಹೊಸತು ಮಾಡಿಸುವಾಗ ಸರ್‌ನೇಮ್ ಅಂತ ಅಪ್ಪನ ಹೆಸರು ಪೂರ್ತಿ ಹಾಕಿದೆವು. ಪಂಚಾಯತಿನ ಮದುವೆ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ಲೇ ಉಳಿದಿದೆ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಶಾಲೆಯ ಪುಸ್ತಕದಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಮಲಯಾಳದ ಧಾಟಿಯಲ್ಲಿ ಇನ್ನೊಂದು. ಅವಳ ಖರ್ಚು ನನ್ನ ಸಂಬಳದ ಮೇಲೆ ತೋರಿಸುವಾಗ ಮದುವೆಯ ಕಾಗದ ಬೇಕೇಬೇಕು.

ಭಾವನಿಗೆ ಫೋನ್ ಮಾಡಿದೆ. ಅವರು ಸರಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ವಿಚಾರಿಸಿ, "ಇದಕ್ಕೆಂತ ಹೆದರಿಕೆ ಭಾವ, ವನ್ ಆಂಡ್ ಸೇಮ್ ಸರ್ಟಿಫಿಕೇಟ್ ಅಂತ ಒಂದು ಇದೆ" ಅಂದರು. ಎರಡು ಹೆಸರೂ ಒಬ್ಬಳದ್ದೇ ಅಂತ ಸರಕಾರ ಬರೆದು ಕೊಡುವ ಕಾಗದ. ಅದನ್ನು ಮದುವೆ ಸರ್ಟಿಫಿಕೇಟಿನ ಹಿಂದೆಯೇ ಇಟ್ಟೆ. ಕೌಂಟರಿನ ಹುಡುಗಿ ಎರಡನ್ನೂ ಓದಿ, ಏನೂ ಕೇಳದೆ ಮುಂದಿನ ಹಾಳೆ ತಿರುಗಿಸಿದಳು.

ಹತ್ತೂ ಬೆರಳಿನ ಗುರುತು ಮೊದಲ ಸಲವೇ ಕೊಟ್ಟಿದ್ದೆವು. ಐದು ವರ್ಷದ ಹತ್ತಿರ ಅದನ್ನೇ ಬಳಸುತ್ತಾರೆ, ಮತ್ತೆ ಕೇಳಲಿಲ್ಲ. ವೀಸಾ ಬಂದಾಗ ತಾರೀಕಿನ ಜೊತೆ ದಿನಗಳ ಸಂಖ್ಯೆಯನ್ನೂ ನೋಡಿ. ಸ್ಟಿಕ್ಕರಿನಲ್ಲಿ ಒಂದು ತಿಂಗಳ ಅವಧಿ ಇದ್ದರೂ, ಒಳಗಿರಲು ಕೊಟ್ಟ ದಿನ ಅದಕ್ಕಿಂತ ಕಡಿಮೆ ಇರಬಹುದು. ನಮ್ಮದರಲ್ಲಿ ಹಾಗೇ ಇತ್ತು.

ಈಗ ಭಾವನಿಗೂ ಹೋಗುವ ಆಸೆ. ಅವರು ಊರಿನಲ್ಲೇ ಇರುವವರು, ಹಾಗಾಗಿ ಕೊಚ್ಚಿಯಲ್ಲೇ ಹಾಕಬಹುದು. ಇನ್ನೊಂದು ಲಾಭವೂ ಇದೆ. 2024ರ ಏಪ್ರಿಲ್‌ನಿಂದ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಹಲವು ಸಲ ಹೋಗಿ ಬರುವ ವೀಸಾ ಸಿಗಬಹುದು. ಆದರೆ ಭಾರತದಲ್ಲಿ ವಾಸವಿದ್ದು ಭಾರತದಲ್ಲೇ ಅರ್ಜಿ ಹಾಕುವವರಿಗೆ ಮಾತ್ರ. ಗಲ್ಫಿನ ನನಗಿಲ್ಲ. ನಿನ್ನೆ ಅವರ ಫಾರ್ಮು ತುಂಬುತ್ತಾ ಕೂತಿದ್ದೆವು. ಸಹಿ ಇಂಗ್ಲಿಷಿನಲ್ಲಿ ಹಾಕಬೇಕಾ ಅಂತ ಪೆನ್ನು ಹಿಡಿದು ನಿಲ್ಲಿಸಿದರು. "ನಿಮ್ಮ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಹಾಕಿ ಭಾವ" ಅಂದೆ. ಪುಟ ತಿರುಗಿಸಿ ನೋಡಿ, ಕನ್ನಡದಲ್ಲೇ ಹಾಕಿದರು.